ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಹಳ್ಳಿಯ ಮೂಲವನ್ನು ಎಲ್ಲಿ ಹುಡುಕಬೇಕು?

ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಳ್ಳಿಯ ನೆಲದಲ್ಲಿ ಮೊಳೆತ ಕಾಲದ ದಾಖಲೆಗಳು ಪತ್ರಾಗಾರದಲ್ಲಿ ಸಿಗುತ್ತವೆಯೇ ಎಂದು ಕೇಳಿದ್ದೀರಿ. ಸಿಗುತ್ತವೆ. ಆದರೆ ‘ವಿಶ್ವವಿದ್ಯಾಲಯ’ ಎಂಬ ಹೆಸರು ಹಿಡಿದು ಹೋದರೆ ಅದನ್ನು ಸ್ಥಾಪಿಸಿದ 1963ರ ಕಾಯ್ದೆಯ ಆಚೆಗೆ ದಾರಿಯೇ ಕಾಣುವುದಿಲ್ಲ. ನಾನು ಹೇಳುವುದಿಷ್ಟೇ: ಸಂಸ್ಥೆಯನ್ನು ಬಿಡಿ, ನೆಲವನ್ನು ಹಿಡಿಯಿರಿ.

1899ರಲ್ಲಿ, ಮೈಸೂರಿನ ರೀಜೆಂಟರಾಗಿದ್ದ (ರಾಜನ ಪರವಾಗಿ ಆಳುತ್ತಿದ್ದ) ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಕೃಷಿ ಪ್ರಯೋಗ ಕೇಂದ್ರಕ್ಕೆಂದು 30 ಎಕರೆ ಕೊಟ್ಟರು. ಅಲ್ಲಿ ಮಣ್ಣು ಮತ್ತು ಬೆಳೆಯ ಸಂಶೋಧನೆಗೆ ತೊಡಗಿದವರು ಜರ್ಮನ್ ವಿಜ್ಞಾನಿ ಡಾ. ಲೆಹಮನ್. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಈ ಕಾಲಕ್ಕೆ ಮೈಸೂರು ಸರ್ಕಾರದ ಕಂದಾಯ ಮತ್ತು ಕೃಷಿಯ ಕಡತಗಳನ್ನು ಕೇಳಿ. ಮುದ್ರಿತ ಆದೇಶವನ್ನಷ್ಟೇ ಓದಿ ಎದ್ದು ಬರಬೇಡಿ. ಅಧಿಕಾರಿಗಳು ಒಬ್ಬರ ಕೆಳಗೊಬ್ಬರು ಬರೆದ ಟಿಪ್ಪಣಿಗಳಲ್ಲಿಯೇ ಅನುಮಾನ, ಖರ್ಚಿನ ತಕರಾರು, ಒಪ್ಪಿಗೆ ಎಲ್ಲವೂ ಇರುತ್ತವೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಭೂಮಾಪನ ದಾಖಲೆ. ಹಳೆಯ ಗ್ರಾಮ ನಕ್ಷೆಯನ್ನೂ ಆಕಾರ್‌ಬಂದ್ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಆ ಪುಸ್ತಕದಲ್ಲಿ ಒಂದೊಂದು ಸರ್ವೆ ನಂಬರಿನ ಎದುರು ಎಕರೆ, ಗುಂಟೆ, ಕಂದಾಯದ ಆಕಾರ (ನಿಗದಿಯಾದ ಮೊತ್ತ). ಒಂದು ಅಂಕಣದಲ್ಲಿ ಖರಾಬೆಂದು (ಸಾಗುವಳಿಗೆ ಬಾರದ ನೆಲವೆಂದು) ಕಳೆದ ಗುಂಟೆಗಳು. ಆ ಖರಾಬನ್ನು ನಕ್ಷೆಯಲ್ಲಿ ಹುಡುಕಿದರೆ ಹಳ್ಳ, ಗಾಡಿದಾರಿ, ಸ್ಮಶಾನ ಎದ್ದು ಬರುತ್ತವೆ. ದಾನ ಕೊಟ್ಟವರ ಹೆಸರು ಎಲ್ಲ ಪರಿಚಯ ಪುಸ್ತಿಕೆಗಳಲ್ಲೂ ಇದೆ. ಆ ನೆಲದ ಬದುವಿನಾಚೆ ಉಳುತ್ತಿದ್ದವರು ಯಾರು, ಕೆರೆಯ ನೀರು ಯಾರ ಗದ್ದೆಗೆ ಹೋಗುತ್ತಿತ್ತು ಎಂಬುದನ್ನೂ ಚರಿತ್ರೆ ಕೇಳಬೇಕು. ಇದನ್ನು ಬಿಟ್ಟು ಬರೆದ ಮೂಲಕಥೆ ಅರ್ಧವೇ ಸರಿ.

ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾದದ್ದು 1913ರಲ್ಲಿ. ಆ ವರ್ಷಗಳಿಗೆ ಕೃಷಿ ಇಲಾಖೆಯ ವಾರ್ಷಿಕ ವರದಿಗಳನ್ನೂ ಬುಲೆಟಿನ್‌ಗಳನ್ನೂ ನೋಡಿ. ಆ ಇಲಾಖೆಯ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಬಗ್ಗೆ ಮಾಡಿದ ಕೆಲಸ ಓದಿದರೆ, ಇದು ಹೆಬ್ಬಾಳದ ಬೇಲಿಯೊಳಗಿನ ಕಥೆಯಷ್ಟೇ ಅಲ್ಲ, ಮಲೆನಾಡಿನ ತೋಟಗಳದೂ ಹೌದು ಎಂದು ತಿಳಿಯುತ್ತದೆ. ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯುವ ಬೆಳೆಗಾರರಿಗೆ ಈ ನಂಟು ಇಂದಿಗೂ ಹತ್ತಿರದ್ದು.

1946ರಲ್ಲಿ ಬಂದ ಕೃಷಿ ಕಾಲೇಜು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಹಾಗಾಗಿ ಆ ಅವಧಿಗೆ ಅಲ್ಲಿನ ಕಾಗದಪತ್ರಗಳೂ ಬೇಕು. ಕಡತ ಹಿಂದಿರುಗಿಸುವ ಮುನ್ನ ಇಲಾಖೆ, ವರ್ಷ, ಕಡತ ಸಂಖ್ಯೆ ಮೂರನ್ನೂ ಬರೆದುಕೊಳ್ಳಿ. ವಿಶ್ವವಿದ್ಯಾಲಯದ ಈಗಿನ ಮುಖ್ಯ ಆವರಣವಾದ ಜಿಕೆವಿಕೆ (ಗಾಂಧಿ ಕೃಷಿ ವಿಜ್ಞಾನ ಕೇಂದ್ರ) 1969ರದು. ಅದರಡಿಯ ಜಮೀನಿಗೆ ಬೇರೆ ಗ್ರಾಮಗಳ ನಕ್ಷೆಗಳನ್ನೇ ತೆಗೆಸಬೇಕು.