ಮೇಲೆ ಹೋದ ದುಡ್ಡು, ಕೆಳಗೆ ತಲುಪದ ಸುದ್ದಿ

ಓದುಗರ ಪತ್ರ

ಸಂಪಾದಕರೇ, ಚಂದ್ರನ ಮೇಲೆ ಮತ್ತೆ ಮನುಷ್ಯರನ್ನು ಇಳಿಸುವ ಯೋಜನೆಗಳನ್ನು ಹೊಗಳಿ ನೀವು ಬರೆದದ್ದನ್ನು ಓದಿದೆ. ನಾನು 34 ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಒಂದೇ ಮಂಚದಲ್ಲಿ ಇಬ್ಬಿಬ್ಬರು ಮಕ್ಕಳನ್ನು ಮಲಗಿಸಿದ್ದೇನೆ. ಇನ್‌ಕ್ಯುಬೇಟರ್ ಕೆಟ್ಟು ಎರಡು ತಿಂಗಳು ಮೂಲೆಯಲ್ಲಿ ನಿಂತಿದ್ದಾಗ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಕೂಸುಗಳನ್ನು ಬೆಚ್ಚಗಿಟ್ಟಿದ್ದೇನೆ. ಸರ್ಕಾರಗಳು ಸಾವಿರಾರು ಕೋಟಿ ಸುರಿದು ಚಂದ್ರನಿಂದ ಕಲ್ಲು ತರುವುದನ್ನು ಹೊಗಳಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ? ಮೊದಲು ನೆಲ, ಆಮೇಲೆ ಆಕಾಶ. ಉತ್ತರ ಕೊಡಿ.

ಸಂಪಾದಕರ ಉತ್ತರ

ಸಿಸ್ಟರ್, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಕರುಳು ಹಿಂಡಿದ ಹಾಗಾಯಿತು. ಮೂರನೇ ಸಲ ಓದುವಾಗ, ನಾನು ಹೇಳಬೇಕಾದ ಮಾತಿಗೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ ಅನ್ನಿಸಿತು. ಅದಕ್ಕೇ ಈ ಸಲ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು ಇಡೀ ಜಾಗ ನಿಮಗೇ ಕೊಟ್ಟಿದ್ದೇನೆ.

ನೀವು ಕೇಳಿದ ಪ್ರಶ್ನೆಯನ್ನು 1970ರಲ್ಲಿ ಇನ್ನೊಬ್ಬ ಸಿಸ್ಟರ್ ಕೇಳಿದ್ದರು. ಜಾಂಬಿಯಾದಲ್ಲಿ ಸೇವೆ ಮಾಡುತ್ತಿದ್ದ ಸನ್ಯಾಸಿನಿ ಮೇರಿ ಜುಕುಂಡಾ. ಮಕ್ಕಳು ಹಸಿವಿನಿಂದ ಸಾಯುತ್ತಿರುವಾಗ ಮಂಗಳನ ಯಾತ್ರೆಗೆ ಇಷ್ಟು ದುಡ್ಡು ಬೇಕು ಅನ್ನಲು ಹೇಗೆ ಸಾಧ್ಯ ಎಂದು ಅವರು ನಾಸಾದ ವಿಜ್ಞಾನಿ ಅರ್ನ್‌ಸ್ಟ್ ಸ್ಟುಲಿಂಗರ್ ಅವರಿಗೆ ಬರೆದರು. ಸ್ಟುಲಿಂಗರ್ ಉದ್ದದ ಉತ್ತರ ಬರೆದು, ಜೊತೆಗೆ ಚಂದ್ರನ ಬಳಿಯಿಂದ ತೆಗೆದ ಭೂಮಿಯ ಫೋಟೊ ಇಟ್ಟು ಕಳಿಸಿದರು. ಆ ಪತ್ರವನ್ನು ಇಲ್ಲಿ ಮತ್ತೆ ಒಪ್ಪಿಸುವುದಿಲ್ಲ. ಆಗ ಅವರ ಕೈಯಲ್ಲಿ ಇದ್ದದ್ದು ಹೆಚ್ಚಾಗಿ ಭರವಸೆ. ಈಗ ನಮ್ಮ ಕೈಯಲ್ಲಿ ಐವತ್ತು ವರ್ಷಕ್ಕೂ ಜಾಸ್ತಿಯ ಲೆಕ್ಕ ಇದೆ.

ಲೆಕ್ಕ ತೆಗೆದರೆ ನಿಮ್ಮ ಕಡೆಗೂ ಒಂದಷ್ಟು ಸಲ್ಲುತ್ತದೆ, ಒಪ್ಪುತ್ತೇನೆ. ಅಮೆರಿಕದ ಸ್ಪೇಸ್ ಶಟಲ್ ಕಡಿಮೆ ಖರ್ಚಿನಲ್ಲಿ ಪದೇ ಪದೇ ಹಾರುತ್ತದೆ ಎಂದು ಹೇಳಿ ಶುರುವಾದದ್ದು. 1981ರಿಂದ 2011ರ ತನಕ ಮೂವತ್ತು ವರ್ಷದಲ್ಲಿ ಹಾರಿದ್ದು 135 ಸಲ. ಹದಿನಾಲ್ಕು ಜನ ಜೀವ ಕಳೆದುಕೊಂಡರು. ಈಗಿನ ಚಂದ್ರಯಾತ್ರೆಯ ಮೊದಲ ಉಡಾವಣೆಗಳು ಒಂದೊಂದಕ್ಕೆ 410 ಕೋಟಿ ಡಾಲರ್ ತಗಲುತ್ತವೆ ಎಂದು 2022ರಲ್ಲಿ ನಾಸಾದ ಲೆಕ್ಕಪತ್ರ ನೋಡುವ ಇನ್‌ಸ್ಪೆಕ್ಟರ್ ಜನರಲ್ ಅವರೇ ಹೇಳಿದರು. ಜೇಮ್ಸ್ ವೆಬ್ ದೂರದರ್ಶಕ ಮೊದಲು ಹೇಳಿದ ಅಂದಾಜನ್ನು ಎಷ್ಟೋ ಪಟ್ಟು ಮೀರಿ ಸುಮಾರು 1,000 ಕೋಟಿ ಡಾಲರ್ ಮುಟ್ಟಿತು. ನಮ್ಮ ಕಡೆಯವರ ಉತ್ಪ್ರೇಕ್ಷೆಯೂ ಕಡಿಮೆ ಇಲ್ಲ. ಅಂಟದ ಬಾಣಲೆಗೆ ಹಚ್ಚುವ ಟೆಫ್ಲಾನ್ ಬಾಹ್ಯಾಕಾಶ ಯೋಜನೆಯಿಂದ ಬಂತು ಎಂದು ಇವತ್ತಿಗೂ ಭಾಷಣ ಮಾಡುವವರಿದ್ದಾರೆ. ಅದು ಸಿಕ್ಕಿದ್ದು 1938ರಲ್ಲಿ, ನಾಸಾ ಹುಟ್ಟುವ ಇಪ್ಪತ್ತು ವರ್ಷ ಮೊದಲು.

ಆದರೆ ಸಿಸ್ಟರ್, ರಾಕೆಟ್ಟಿಗೆ ಹೋಗುವ ದುಡ್ಡು ನಿಮ್ಮ ವಾರ್ಡಿನಿಂದ ಕಿತ್ತುಕೊಂಡದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಅಪೊಲೊ ಯೋಜನೆಯ ಕಾಲದಲ್ಲಿ, 1966ರಲ್ಲಿ, ಅಮೆರಿಕದ ಕೇಂದ್ರ ಬಜೆಟ್ಟಿನಲ್ಲಿ ನಾಸಾದ ಪಾಲು ನೂರಕ್ಕೆ 4.4 ಇತ್ತು. ಅದಕ್ಕಿಂತ ಮೇಲೆ ಅದು ಎಂದೂ ಹೋಗಲಿಲ್ಲ. ಈಗ ನೂರಕ್ಕೆ ಅರ್ಧವೂ ಇಲ್ಲ. ಪಾಲು ಇಷ್ಟು ಇಳಿದ ಮೇಲೂ ಅಲ್ಲಿ ಬಡತನ ಹೋಗಿಲ್ಲ.

1969ರ ಜುಲೈ 15ರಂದು, ಅಪೊಲೊ 11 ಹಾರುವ ಹಿಂದಿನ ದಿನ, ಕರಿಯರ ಹಕ್ಕುಗಳ ಹೋರಾಟಗಾರ ರಾಲ್ಫ್ ಅಬರ್ನಾಥಿ ಬಡ ಕುಟುಂಬಗಳನ್ನು ಕರೆದುಕೊಂಡು, ಹೇಸರಗತ್ತೆ ಕಟ್ಟಿದ ಗಾಡಿಗಳ ಜೊತೆ ಉಡಾವಣಾ ಕೇಂದ್ರಕ್ಕೆ ಬಂದರು. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಬಯಲಿಗೆ ಹೋಗಿ ಅವರನ್ನು ಕಂಡರು. ನಾಳೆ ಗುಂಡಿ ಒತ್ತದೆ ಇದ್ದರೆ ಬಡತನ ನೀಗುತ್ತದೆ ಎಂದಾದರೆ ನಾವು ಗುಂಡಿ ಒತ್ತುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ನನಗೂ ಹಾಗೇ ಅನ್ನಿಸುತ್ತದೆ. ರಾಕೆಟ್ ನಿಲ್ಲಿಸಿದ ದಿನ ನಿಮ್ಮ ಇನ್‌ಕ್ಯುಬೇಟರ್ ಓಡುತ್ತದೆ ಎಂದಿದ್ದರೆ, ನಿಲ್ಲಿಸಿ ಎಂದು ಮೊದಲು ಬರೆಯುವವನು ನಾನೇ.

ಹಾಗಾದರೆ ದುಡ್ಡು ಪೋಲಾಗುತ್ತಿಲ್ಲವೇ? ಆಗುತ್ತಿದೆ. ಆದರೆ ನೀವು ಬೆರಳು ಮಾಡುತ್ತಿರುವ ಜಾಗದಲ್ಲಿ ಅಲ್ಲ. ಮೇಲಿಂದ ಕಂಡದ್ದು ಕೆಳಗಿನ ಮನುಷ್ಯನನ್ನು ಮುಟ್ಟದೆ ನಿಂತುಹೋಗುತ್ತದಲ್ಲ, ಅಲ್ಲಿ. ಎಷ್ಟೋ ವರ್ಷದಿಂದ ನಾನು ಹೇಳಿಕೊಂಡು ಬಂದಿರುವ ಮಾತು ಇದು. ನನ್ನ ಮನಸ್ಸಿಗೆ ಇದನ್ನು ತುಂಬಿದ್ದು ಒಂದು ಚಂಡಮಾರುತ.

1970ರ ನವೆಂಬರ್ 12ರ ರಾತ್ರಿ. ಆಗಿನ ಪೂರ್ವ ಪಾಕಿಸ್ತಾನದ ಕರಾವಳಿಗೆ ಭೋಲಾ ಚಂಡಮಾರುತ ಅಪ್ಪಳಿಸಿತು. ಸತ್ತವರು ಮೂರರಿಂದ ಐದು ಲಕ್ಷ ಎಂದು ಅಂದಾಜು. ನಿಖರ ಲೆಕ್ಕ ಹೇಳಲು ಎಷ್ಟೋ ದ್ವೀಪಗಳಲ್ಲಿ ಯಾರೂ ಉಳಿದಿರಲಿಲ್ಲ. ಮೊದಲ ಹವಾಮಾನ ಉಪಗ್ರಹ ಹಾರಿದ್ದು 1960ರ ಏಪ್ರಿಲ್ 1ರಂದು. ಅಂದರೆ ಅಷ್ಟು ಹೊತ್ತಿಗೆ ಆಕಾಶದಲ್ಲಿ ಕಣ್ಣು ತೆರೆದು ಹತ್ತು ವರ್ಷ ದಾಟಿತ್ತು. ಭೋಲಾ ಬರುತ್ತಿದ್ದದ್ದು ಉಪಗ್ರಹದ ಚಿತ್ರಗಳಲ್ಲಿ ಕಂಡಿತ್ತು. ರೇಡಿಯೊದಲ್ಲಿ ಎಚ್ಚರಿಕೆಯೂ ಬಂದಿತ್ತು. ಆದರೆ ನದಿಯ ಬಾಯಲ್ಲಿ ಮರಳುದಿಬ್ಬದ ಮೇಲೆ ಮಲಗಿದ್ದ ಕುಟುಂಬವನ್ನು ಎಬ್ಬಿಸಿ, ಇಲ್ಲಿಂದ ಏಳಿ, ಇಂಥ ಕಡೆ ಹೋಗಿ ಅನ್ನುವವರು ಇರಲಿಲ್ಲ. ಹೋಗಲು ಗಟ್ಟಿ ಕಟ್ಟಡವೂ ಇರಲಿಲ್ಲ.

ಹೊಸದಾಗಿ ಹುಟ್ಟಿದ ಬಾಂಗ್ಲಾದೇಶ 1972ರಲ್ಲಿ ರೆಡ್ ಕ್ರಾಸ್ ಜೊತೆ ಸೇರಿ ಒಂದು ಕೆಲಸ ಶುರುಮಾಡಿತು. ಹಳ್ಳಿ ಹಳ್ಳಿಯಲ್ಲಿ ಸ್ವಯಂಸೇವಕರು. ಅವರ ಕೈಗೆ ಮೆಗಾಫೋನ್, ಹಿಡಿ ತಿರುಗಿಸಿದರೆ ಕೂಗುವ ಸೈರನ್, ರೇಡಿಯೊ, ಬಾವುಟ. ಅಪಾಯ ಹತ್ತಿರ ಬಂದ ಹಾಗೆ ಒಂದು ಬಾವುಟ ಎರಡಾಗುತ್ತದೆ, ಎರಡು ಮೂರಾಗುತ್ತದೆ. ಓದು ಬರದವರಿಗೂ ಅರ್ಥವಾಗುವ ಭಾಷೆ. ಅವರು ಕೆಸರಿನ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು, ಬಾಗಿಲು ಬಡಿದು, ವಯಸ್ಸಾದವರನ್ನು ಎತ್ತಿಕೊಂಡು ಆಶ್ರಯ ಕಟ್ಟಡಕ್ಕೆ ಸೇರಿಸುತ್ತಾರೆ. ಈಗ ಅವರ ಸಂಖ್ಯೆ 76,000 ದಾಟಿದೆ. ಅರ್ಧದಷ್ಟು ಹೆಂಗಸರು. ಗುರುತಿಲ್ಲದ ಗಂಡಸು ಬಾಗಿಲು ಬಡಿದರೆ ಹೊರಗೆ ಬರಲು ಹಿಂಜರಿಯುವ ಮನೆಗಳಿಗೆ ಹೆಂಗಸೇ ಹೋಗಬೇಕು ಅಂತ ಅನುಭವದಿಂದ ಕಲಿತರು.

ದಾರಿ ನೇರವಾಗಿರಲಿಲ್ಲ. 1991ರಲ್ಲಿ ಇನ್ನೊಂದು ಚಂಡಮಾರುತಕ್ಕೆ ಸುಮಾರು 1,38,000 ಜನ ಸತ್ತರು. ಆಶ್ರಯ ಕಟ್ಟಡಗಳು ಸಾಲದೆ ಹೋದವು. ಮತ್ತೆ ಕಟ್ಟಿದರು. 2007ರ ಸಿಡರ್‌ನಲ್ಲಿ ಸತ್ತವರ ಸಂಖ್ಯೆ ಮೂರು ಸಾವಿರ ದಾಟಿತು. 2020ರ ಆಂಫಾನ್ ಬರುವ ಮೊದಲು ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನರನ್ನು ಸಾಗಿಸಿದ್ದರು. ಬಾಂಗ್ಲಾದೇಶದಲ್ಲಿ ಸಾವು ಹತ್ತುಗಳ ಲೆಕ್ಕಕ್ಕೆ ಇಳಿಯಿತು. ಲಕ್ಷಗಳಿಂದ ಹತ್ತುಗಳಿಗೆ, ಸಿಸ್ಟರ್! ಇದರಲ್ಲಿ ಉಪಗ್ರಹದ ಪಾಲೆಷ್ಟು, ಮೆಗಾಫೋನಿನ ಪಾಲೆಷ್ಟು ಎಂದು ಬೇರೆ ಮಾಡಲು ನನಗೆ ಆಗುವುದಿಲ್ಲ. ಉಪಗ್ರಹ ಇಲ್ಲದಿದ್ದರೆ ಬಾಗಿಲು ಬಡಿಯುವವರಿಗೆ ಯಾವಾಗ ಹೊರಡಬೇಕೆಂದೇ ತಿಳಿಯುತ್ತಿರಲಿಲ್ಲ. ಬಾಗಿಲು ಬಡಿಯುವವರು ಇಲ್ಲದಿದ್ದರೆ ಉಪಗ್ರಹದ ಚಿತ್ರ ಬರೀ ಚಿತ್ರ. ಅದನ್ನೇ 1970ರಲ್ಲಿ ಕಂಡದ್ದು.

ನಿಮಗೆ ಇದನ್ನು ನಾನು ಹೇಳಬೇಕಿಲ್ಲ. ಔಷಧಿ ಕಂಡುಹಿಡಿದವರಿಗೆ ಪ್ರಶಸ್ತಿ ಬರುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು, ತೂಕ ನೋಡಿ, ಅಳತೆ ಮಾಡಿ, ಅಳುವ ಕೂಸಿನ ಬಾಯಿಗೆ ಅದನ್ನು ಹಾಕಿದವರು ನೀವು. ನೀವಿಲ್ಲದಿದ್ದರೆ ಔಷಧಿ ಬೀರುವಿನಲ್ಲೇ ಇರುತ್ತಿತ್ತು. ಹಾಗಂತ ಔಷಧಿ ಕಂಡುಹಿಡಿಯುವುದಕ್ಕೆ ದುಡ್ಡು ಹಾಕಬೇಡಿ ಎಂದು ನೀವು ಒಂದು ದಿನವೂ ಅಂದಿರಲಾರಿರಿ. ಆಕಾಶದ ವಿಷಯಕ್ಕೆ ಬಂದಾಗ ಮಾತ್ರ ಯಾಕೆ ಅನ್ನುತ್ತೀರಿ?

ದುಡ್ಡು ಪೋಲಾಗುವ ಇನ್ನೊಂದು ಜಾಗ ಹೇಳುತ್ತೇನೆ. ನನ್ನ ಗೆಳೆಯರೊಬ್ಬರು ಎಂಬತ್ತರ ದಶಕದ ಕೊನೆಯಲ್ಲಿ ಒಂದು ಕೆರೆ ಹೇಗೆ ಸಣ್ಣದಾಗುತ್ತಿದೆ ಎಂಬುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿದ್ದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳನ್ನು ಅಮೆರಿಕ ಸರ್ಕಾರ ಎಂಬತ್ತರ ದಶಕದಲ್ಲಿ ಖಾಸಗಿಯವರ ಕೈಗೆ ಕೊಟ್ಟಿತ್ತು. ಒಂದು ಚಿತ್ರದ ಬೆಲೆ 4,000 ಡಾಲರ್ ದಾಟಿತ್ತು. ಗೆಳೆಯರಿಗೆ ಕೊಳ್ಳಲು ಆದದ್ದು ಎರಡೇ ಚಿತ್ರ. ಆ ಚಿತ್ರಗಳಿದ್ದ ಟೇಪಿನ ಸುರುಳಿಗಳು ಬೀರುವಿನಲ್ಲಿ, ಬೀರುವಿನ ಬೀಗದ ಕೈ ಗೆಳೆಯರ ಜೇಬಿನಲ್ಲಿ. ಎರಡು ಚಿತ್ರಗಳ ನಡುವೆ ಹನ್ನೊಂದು ವರ್ಷ. ಆ ಹನ್ನೊಂದು ವರ್ಷ ಕೆರೆಗೆ ಏನಾಯಿತು ಎಂದು ಅವರ ಪ್ರಬಂಧದಲ್ಲಿ ಇಲ್ಲ. ಚಿತ್ರಗಳನ್ನು ಉಪಗ್ರಹ ತೆಗೆದಿತ್ತು, ಜನರ ತೆರಿಗೆಯಲ್ಲೇ ತೆಗೆದಿತ್ತು. ನೋಡಲು ಮಾತ್ರ ಆಗಲಿಲ್ಲ.

ಆಮೇಲೆ ಸರ್ಕಾರವೇ ಲ್ಯಾಂಡ್‌ಸ್ಯಾಟ್ ಅನ್ನು ವಾಪಸ್ ತೆಗೆದುಕೊಂಡಿತು. ಬೆಲೆ 600 ಡಾಲರಿಗೆ ಇಳಿಯಿತು. 2008ರಲ್ಲಿ ಇಡೀ ಸಂಗ್ರಹವನ್ನು ಜಗತ್ತಿಗೆ ಉಚಿತವಾಗಿ ಬಿಟ್ಟರು. ಅದಕ್ಕೆ ಮೊದಲು ಅತಿ ಜಾಸ್ತಿ ಮಾರಾಟವಾದ ವರ್ಷದಲ್ಲಿ ಹೋದದ್ದು ಸುಮಾರು 25,000 ಚಿತ್ರ. ಬಿಟ್ಟ ಮೇಲೆ ಲೆಕ್ಕ ಲಕ್ಷಗಳಿಗೆ ಏರಿತು. 2013ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಜಗತ್ತಿನ ಕಾಡು ಎಲ್ಲಿ ಹೋಗುತ್ತಿದೆ, ಎಲ್ಲಿ ಬೆಳೆಯುತ್ತಿದೆ ಎಂಬ ನಕ್ಷೆ ಮಾಡಿತು. ಅದಕ್ಕೆ ಬಳಸಿದ್ದು 6,54,178 ಚಿತ್ರ. ಒಂದಕ್ಕೆ 600 ಡಾಲರ್ ಇದ್ದಿದ್ದರೆ 39 ಕೋಟಿ ಡಾಲರ್ ಆಗುತ್ತಿತ್ತು. ಯಾವ ಮೇಷ್ಟ್ರ ಹತ್ತಿರ ಇರುತ್ತದೆ ಅಷ್ಟು ದುಡ್ಡು?

ಗೆಳೆಯರ ವಿದ್ಯಾರ್ಥಿಯೊಬ್ಬಳು ಒಂದು ಮಧ್ಯಾಹ್ನ ಅದೇ ಕೆರೆಯ ಮೂವತ್ತು ವರ್ಷದ ಚಿತ್ರಗಳನ್ನು ಇಳಿಸಿಕೊಂಡು ಸಾಲಾಗಿ ತೋರಿಸಿದಳು. ನಾನೂ ಅಲ್ಲಿದ್ದೆ. ಆ ಹನ್ನೊಂದು ವರ್ಷ ಬಂದಾಗ ಗೆಳೆಯರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಪೂರ್ವದ ಅಂಚು ವರ್ಷಕ್ಕಿಷ್ಟು ಎಂಬಂತೆ ಒಳಗೆ ಸರಿಯುತ್ತಿತ್ತು. "ಆಗಲೇ ಕಂಡಿದ್ದರೆ ಯಾರಿಗಾದರೂ ಹೇಳಬಹುದಿತ್ತು" ಅಂದರು, ಅಷ್ಟೇ.

ನೀವು ಬರೆದ "ಮೊದಲು ನೆಲ, ಆಮೇಲೆ ಆಕಾಶ" ಎಂಬ ಸಾಲಿಗೆ ಬರುತ್ತೇನೆ. ಓದಲು ಚೆನ್ನಾಗಿದೆ. ಆದರೆ ಇವೆರಡನ್ನು ಸಾಲಿನಲ್ಲಿ ಹಿಂದೆ ಮುಂದೆ ನಿಲ್ಲಿಸಬೇಡಿ. ಅಂಟಾರ್ಕ್ಟಿಕಾದ ಹ್ಯಾಲಿ ಎಂಬಲ್ಲಿ ಬ್ರಿಟಿಷ್ ತಂಡ 1957ರ ಹೊತ್ತಿನಿಂದ, ಬಿಸಿಲಿನ ಅಪಾಯದ ಕಿರಣಗಳನ್ನು ಆಕಾಶದಲ್ಲೇ ತಡೆಯುವ ಓಝೋನ್ ಅನಿಲವನ್ನು ಅಳೆಯುತ್ತಾ ಕೂತಿತ್ತು. ನೆಲದ ಮೇಲಿಟ್ಟ ಹಳೆಯ ಉಪಕರಣ, ವರ್ಷ ವರ್ಷ ಅದೇ ಅಳತೆ. ಯಾರೂ ಹೂವಿನ ಹಾರ ಹಾಕದ ಕೆಲಸ. 1985ರಲ್ಲಿ ಜೋ ಫಾರ್ಮನ್ ಮತ್ತು ಜೊತೆಯವರು ಓಝೋನ್ ವಿಪರೀತ ಇಳಿದಿದೆ ಎಂದು ಪ್ರಕಟಿಸಿದರು. ನಾಸಾದ ನಿಂಬಸ್ 7 ಉಪಗ್ರಹಕ್ಕೂ ಅದು ಕಂಡಿತ್ತು. ಆದರೆ ಅಷ್ಟು ಕಡಿಮೆ ಅಳತೆಗಳನ್ನು ಅನುಮಾನದ ಪಟ್ಟಿಗೆ ಹಾಕಿಟ್ಟಿದ್ದರು. ಮತ್ತೆ ತೆಗೆದು ನೋಡಿದಾಗ ತೂತು ಇಡೀ ಖಂಡದಷ್ಟು ಅಗಲ ಇದೆ ಎಂದು ತಿಳಿಯಿತು. ಎರಡು ವರ್ಷದಲ್ಲಿ, ಓಝೋನ್ ಹಾಳುಮಾಡುವ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆಯಿತು. ನೆಲದವನು ಇದೆ ಎಂದ, ಆಕಾಶದ್ದು ಇಷ್ಟಿದೆ ಎಂದು ತೋರಿಸಿತು.

ಇಂಥ ಕೆಲಸಕ್ಕೆ ದುಡ್ಡು ಹುಟ್ಟುವುದೇ ಕಷ್ಟ. ನನ್ನ ದೊಡ್ಡ ಸಿಟ್ಟು ಇರುವುದು ಇಲ್ಲಿ. ಹೊಸದನ್ನು ಉದ್ಘಾಟಿಸಲು ಎಲ್ಲ ದೇಶದಲ್ಲೂ ಜನ ಸಾಲುಗಟ್ಟುತ್ತಾರೆ. ಇದ್ದದ್ದನ್ನು ಎಣ್ಣೆ ಹಾಕಿ ನೋಡಿಕೊಳ್ಳಲು ಯಾರೂ ಬರಲ್ಲ. ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕವನ್ನೇ ನೋಡಿ. 1963ರಲ್ಲಿ ಶುರುವಾದದ್ದು, 305 ಮೀಟರ್ ಅಗಲದ ತಟ್ಟೆ. ನೊಬೆಲ್ ತಂದುಕೊಟ್ಟ ಶೋಧ ಅಲ್ಲಿ ಆಯಿತು. ಭೂಮಿಯ ಹತ್ತಿರ ಬರುವ ಕ್ಷುದ್ರಗ್ರಹಗಳ ಮೇಲೂ ಅದು ಕಣ್ಣಿಟ್ಟಿತ್ತು. ವರ್ಷಗಳ ಕಾಲ ಅದರ ಬಜೆಟ್ ಕತ್ತರಿಸುತ್ತಾ ಬಂದರು. 2020ರ ಆಗಸ್ಟಿನಲ್ಲಿ ಒಂದು ಕೇಬಲ್ ಕಳಚಿತು, ನವೆಂಬರಿನಲ್ಲಿ ಇನ್ನೊಂದು ತುಂಡಾಯಿತು. ಡಿಸೆಂಬರ್ 1ರ ಬೆಳಗ್ಗೆ ಮೇಲಿನ 900 ಟನ್ ಚೌಕಟ್ಟು ತಟ್ಟೆಯ ಮೇಲೆ ಬಿತ್ತು. ಬಜೆಟ್ ಒಂದೇ ಕಾರಣ ಅನ್ನುವುದಿಲ್ಲ. ಆದರೆ ಬಿದ್ದ ದಿನ ಅತ್ತವರಲ್ಲಿ ಕಾಲುಭಾಗ ಜನ ಮೊದಲೇ ದನಿ ಎತ್ತಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ.

ಬೇರೆ ರೀತಿ ಮಾಡಲೂ ಬರುತ್ತದೆ. 1975ರಲ್ಲಿ ಇಸ್ರೊ ಅಮೆರಿಕದ ಉಪಗ್ರಹವನ್ನು ಒಂದು ವರ್ಷ ಕಡ ಪಡೆದು, ಕರ್ನಾಟಕವೂ ಸೇರಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಮುಟ್ಟಿಸಿತು. ಅಲ್ಲಿ ನಿಲ್ಲಿಸಿದ ಆಂಟೆನಾಗಳು ಕೋಳಿ ಗೂಡಿಗೆ ಹಾಕುವಂಥ ತಂತಿಬಲೆಯವು. ಸೆಟ್ ಕೆಟ್ಟರೆ ಸರಿಮಾಡುವವರನ್ನು ಮೊದಲೇ ಏರ್ಪಾಡು ಮಾಡಿದ್ದರು. ಉಪಗ್ರಹದಷ್ಟೇ ತಲೆ ಅದಕ್ಕೂ ಕೆಡಿಸಿಕೊಂಡಿದ್ದರು.

ನಿಮ್ಮ ಇನ್‌ಕ್ಯುಬೇಟರಿಗೆ ಬರುತ್ತೇನೆ. ಅದು ಇರಲಿಲ್ಲ ಎಂದು ನೀವು ಬರೆದಿಲ್ಲ. ಕೆಟ್ಟು ಎರಡು ತಿಂಗಳು ಮೂಲೆಯಲ್ಲಿ ನಿಂತಿತ್ತು ಎಂದು ಬರೆದಿದ್ದೀರಿ. ಕೊಳ್ಳಲು ದುಡ್ಡು ಸಿಕ್ಕಿತ್ತು, ರಿಪೇರಿ ಮಾಡುವ ಮನುಷ್ಯ ಸಿಗಲಿಲ್ಲ ಅಲ್ವಾ? ನಾನು ಮೇಲೆ ಹೇಳಿದ್ದೆಲ್ಲ ಇದೇ. ಆ ಎರಡು ತಿಂಗಳು ಏನಾಯಿತು? ಯಾರಿಗೆ ಅರ್ಜಿ ಬರೆದಿರಿ? ಎಷ್ಟು ಸಲ? ಯಾವ ಬಿಡಿಭಾಗ ಹೋಗಿತ್ತು? ಇದನ್ನು ಅಷ್ಟೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ತೆಗೆದಿಟ್ಟಿದ್ದೇನೆ. ಒಂದು ಅಕ್ಷರ ಕತ್ತರಿಸುವುದಿಲ್ಲ.