‘ಊಟ ಆಯ್ತಾ’ ಅಂದವರಿಗೆಲ್ಲ ಉತ್ತರ ಕೊಡಬೇಕಾ?

ಓದುಗರ ಪತ್ರ (ಸಂಕ್ಷಿಪ್ತವಾಗಿ): ನನಗೆ 37 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಡಿವೋರ್ಸ್ ಆಗಿದೆ. ಗೆಳತಿಯ ಒತ್ತಾಯಕ್ಕೆ ಡೇಟಿಂಗ್ ಆ್ಯಪ್ ಹಾಕಿಕೊಂಡೆ. ಲೈಕ್‌ಗಳು ರಾಶಿ ರಾಶಿ ಬರುತ್ತವೆ. ಮಾತು ಮಾತ್ರ ‘ಹಾಯ್, ಊಟ ಆಯ್ತಾ’ ದಾಟುವುದಿಲ್ಲ. ಚೆನ್ನಾಗಿ ಮಾತಾಡುತ್ತಿದ್ದ ಒಬ್ಬರು ಇದ್ದಕ್ಕಿದ್ದಂತೆ ಮಾಯವಾದರು. ಗೆಳತಿ ‘ಪಾಸಿಟಿವ್ ಆಗಿರು’ ಅನ್ನುತ್ತಾಳೆ. ನನಗೋ ಅವಮಾನ ಆದ ಹಾಗಿದೆ. ಇರುವುದು ಅಣ್ಣನ ಮನೆಯಲ್ಲಿ, ಅವನಿಗೆ ಗೊತ್ತಾದರೆ ಎಂಬ ಭಯ ಬೇರೆ. ಆ್ಯಪ್ ತೆಗೆದುಹಾಕಲಾ ಮೇಡಂ?
– ಹೆಸರು ಬೇಡ, ಮೈಸೂರು

ಸಂಪಾದಕರ ಉತ್ತರ:

ಈಗಲೇ ತೆಗೆಯಬೇಡಿ.

ಮೊದಲು ಆ ಲೈಕ್‌ಗಳ ವಿಷಯ. ನಮ್ಮ ದೇಶದ ಡೇಟಿಂಗ್ ಆ್ಯಪ್‌ಗಳಲ್ಲಿ ಗಂಡಸರೇ ಜಾಸ್ತಿ, ಹೆಂಗಸರು ತೀರಾ ಕಡಿಮೆ. 2012ರಲ್ಲಿ ಟಿಂಡರ್ ಬಂದಾಗಿನಿಂದ ಎಲ್ಲರಿಗೂ ರೂಢಿಯಾಗಿರುವುದು ಒಂದೇ ಆಟ: ಇಷ್ಟವಾದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ. ಇಬ್ಬರೂ ಬಲಕ್ಕೆ ಸರಿಸಿದರೆ ಮಾತ್ರ ಮಾತು. ತಮಗೆ ಯಾರೂ ಸಿಗಲ್ಲ ಎಂಬ ಗಾಬರಿಗೆ ಎಷ್ಟೋ ಗಂಡಸರು ಮುಖ ಕೂಡ ಸರಿಯಾಗಿ ನೋಡದೆ ಎಲ್ಲರನ್ನೂ ಬಲಕ್ಕೆ ತಳ್ಳುತ್ತಾರೆ. ಹಾಗಾಗಿ ಆ ರಾಶಿ ಲೈಕ್ ಹೊಗಳಿಕೆಯಲ್ಲ, ‘ಊಟ ಆಯ್ತಾ’ ಅವಮಾನವೂ ಅಲ್ಲ. ಅದೇ ಮೆಸೇಜು ಅದೇ ಹೊತ್ತಿಗೆ ಇನ್ನೂ ಹತ್ತು ಜನರಿಗೆ ಹೋಗಿರುತ್ತದೆ. ಉತ್ತರ ಕೊಡಬೇಕಾಗಿಲ್ಲ. ಮಾಯವಾದವರ ಕಾರಣ ಹುಡುಕುತ್ತಾ ಕೂರಬೇಡಿ. ಅವರಿಗೆ ಹಳೆಯ ಗೆಳತಿ ಸಿಕ್ಕಿರಬಹುದು, ಮದುವೆಯೇ ಆಗಿರಬಹುದು. ನಿಮಗೆ ಅದು ತಿಳಿಯುವುದಿಲ್ಲ, ತಿಳಿದು ಆಗಬೇಕಾದ್ದೂ ಏನಿಲ್ಲ.

ನಿಮ್ಮ ಗೆಳತಿಯ ಮಾತು ತಪ್ಪಲ್ಲ. ಆದರೆ ‘ಇವರೇ ಇರಬಹುದು’ ಎಂದು ಪ್ರತಿ ಸಲ ಮನಸ್ಸು ಕಟ್ಟಿಕೊಂಡು ಹೋದರೆ ಎರಡು ತಿಂಗಳಲ್ಲಿ ಸುಸ್ತಾಗುತ್ತೀರಿ. ಮ್ಯಾಟ್ರಿಮೊನಿ ಸೈಟುಗಳು ನಮ್ಮಲ್ಲಿ 1990ರ ದಶಕದ ಕೊನೆಯಲ್ಲೇ ಬಂದವು. ಜಾತಿ, ಸಂಬಳ, ಮನೆ ನೋಡಿ ಮದುವೆಯ ಲೆಕ್ಕದಿಂದಲೇ ಶುರು ಮಾಡುವ ಅಭ್ಯಾಸ ನಮಗೆ ಅಂಟಿಬಿಟ್ಟಿದೆ. ಇಲ್ಲಿ ಅಷ್ಟು ದೂರ ಹೋಗಬೇಡಿ. ಈ ಮನುಷ್ಯನ ಎದುರು ಒಂದು ಗಂಟೆ ಕೂತು ಕಾಫಿ ಕುಡಿಯಬಹುದಾ? ಸದ್ಯಕ್ಕೆ ಇಷ್ಟೇ ಪ್ರಶ್ನೆ. ಕಾಫಿ ಕುಡಿದು ಎದ್ದು ಬಂದರೂ ನಷ್ಟವೇನಿಲ್ಲ.

ನಿಮ್ಮ ಪ್ರೊಫೈಲ್ ಬರಹವನ್ನೂ ಪತ್ರದ ಜೊತೆ ಕಳಿಸಿದ್ದು ಒಳ್ಳೆಯದಾಯಿತು. ‘ಸಿಂಪಲ್. ಮ್ಯೂಸಿಕ್, ಟ್ರಾವೆಲ್ ಇಷ್ಟ. ಪ್ರಾಮಾಣಿಕ ವ್ಯಕ್ತಿ ಬೇಕು.’ ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಓದಿದವರು ಊಟ ಆಯ್ತಾ ಅಂತಲ್ಲದೆ ಇನ್ನೇನು ಕೇಳಬೇಕು ಪಾಪ? ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೀರಲ್ಲ, ಭಾನುವಾರ ಬೆಳಗಾಗುತ್ತಲೇ ಕುಕ್ಕರಹಳ್ಳಿ ಕೆರೆಗೆ ಹೋಗಿ ಹೆಜ್ಜಾರ್ಲೆ ಹಕ್ಕಿಗಳು ನೀರಿಗಿಳಿಯುವುದನ್ನು ನೋಡುತ್ತೇನೆ ಅಂತ? ಅದು ಪ್ರೊಫೈಲಿನಲ್ಲಿ ಇರಬೇಕಿತ್ತು. ‘ಹೆಜ್ಜಾರ್ಲೆ ನೋಡಲು ರಜೆಯಲ್ಲೂ ಐದೂವರೆಗೆ ಏಳುತ್ತೇನೆ. ನೀವು ಯಾವುದಕ್ಕೆ ಏಳುತ್ತೀರಿ?’ ಉತ್ತರ ಹೇಳಲು ಏನಾದರೂ ಇರುವವರು ಹೇಳುತ್ತಾರೆ, ಉಳಿದವರು ತಾವೇ ಜಾರಿಕೊಳ್ಳುತ್ತಾರೆ. ಹಕ್ಕಿಯ ಹೆಸರು ಇರಲಿ, ಕೆರೆಯ ಹೆಸರು ಮತ್ತು ವಾರ ಬೇಡ. ನೀವು ಒಬ್ಬರೇ ಎಲ್ಲಿ, ಯಾವಾಗ ಸಿಗುತ್ತೀರಿ ಎಂಬುದು ಊರಿಗೆಲ್ಲ ಗೊತ್ತಾಗಬಾರದು. ಬ್ಯಾಂಕ್ ಶಾಖೆಯ ಹೆಸರೂ ಬೇಡ.

ಡಿವೋರ್ಸ್ ಆಗಿದೆ ಎಂದು ನೇರವಾಗಿ ಹಾಕಿ. ‘ಸ್ವಲ್ಪ ಪರಿಚಯವಾದ ಮೇಲೆ ಹೇಳೋಣ’ ಅನ್ನುವವರಿದ್ದಾರೆ, ನನಗೆ ಅದು ಸರಿಕಾಣುವುದಿಲ್ಲ. ಓಡಿಹೋಗುವವರು ಮೊದಲ ದಿನವೇ ಓಡಲಿ, ನಿಮಗೆ ಹದಿನೈದು ದಿನ ಉಳಿಯಿತು.

ಆ್ಯಪ್ ಬದಲಿಸಿ ನೋಡುವುದೂ ತಪ್ಪಲ್ಲ. 2014ರಲ್ಲಿ ಶುರುವಾದ ಬಂಬಲ್ ಹೆಂಗಸರೇ ಮೊದಲು ಮಾತಾಡಬೇಕೆಂಬ ನಿಯಮದಿಂದಲೇ ಹೆಸರು ಮಾಡಿತು. ಈಗ ನೀವು ಒಂದು ಪ್ರಶ್ನೆ ಹಾಕಿಟ್ಟು ಗಂಡಸರು ಅದಕ್ಕೆ ಉತ್ತರಿಸುವಂತೆಯೂ ಮಾಡಬಹುದು. ಆ ಐದೂವರೆಯ ಪ್ರಶ್ನೆಯನ್ನೇ ಅಲ್ಲಿ ಇಡಿ.

ಚಾಟಿಂಗ್ ತಿಂಗಳುಗಟ್ಟಲೆ ಎಳೆಯಬೇಡಿ. ಬರೆಯುವುದರಲ್ಲಿ ಜಾಣರಾದವರು ಎದುರು ಕೂತಾಗ ಬೇರೆಯೇ ಇರುತ್ತಾರೆ. ಒಂದು ವಾರ ಮಾತು, ಒಂದು ವಿಡಿಯೋ ಕಾಲ್, ಆಮೇಲೆ ಹಗಲು ಹೊತ್ತಿನಲ್ಲಿ ಜನ ಓಡಾಡುವ ಹೋಟೆಲ್ಲು. ನಿಮ್ಮ ಸ್ಕೂಟರಿನಲ್ಲೇ ಹೋಗಿ, ಅದರಲ್ಲೇ ಬನ್ನಿ. ವಾಟ್ಸ್‌ಆ್ಯಪ್‌ನಲ್ಲಿ ಗೆಳತಿಗೆ ಲೈವ್ ಲೊಕೇಶನ್ ಹಾಕಿಡಿ. ಇದು ಅನುಮಾನದ ಬುದ್ಧಿ ಅಂದುಕೊಳ್ಳಬೇಡಿ. ಇಷ್ಟು ಮಾಡಿಕೊಂಡು ಹೋದರೆ ಅಲ್ಲಿ ಹಗುರಾಗಿ ನಗಬಹುದು.

ವಿಡಿಯೋ ಕಾಲ್ ಅಂದಾಗಲೆಲ್ಲ ಕ್ಯಾಮೆರಾ ಕೆಟ್ಟಿದೆ ಅನ್ನುವವರು, ವಿದೇಶದಿಂದ ಗಿಫ್ಟ್ ಕಳಿಸಿದ್ದೇನೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ ಅನ್ನುವವರು, ಕ್ರಿಪ್ಟೋದಲ್ಲಿ ದುಡ್ಡು ಹಾಕಿಸಲು ನೋಡುವವರು, ಇವರಿಗೆ ಬೇಕಾಗಿರುವುದು ನಿಮ್ಮ ಖಾತೆ. ಬ್ಯಾಂಕಿನವರಾದ ನಿಮಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಇನ್ನು ಅಣ್ಣ. ಮೈಸೂರಿನಲ್ಲಿ ಯಾವ ಹೋಟೆಲ್ಲಿಗೆ ಹೋದರೂ ಪಕ್ಕದ ಟೇಬಲ್ಲಿನಲ್ಲಿ ಅವನ ಗೆಳೆಯನೊಬ್ಬ ಇಡ್ಲಿ ತಿನ್ನುತ್ತಿರುತ್ತಾನೆ, ಅಲ್ವಾ? ಅವನ ಬಾಯಿಂದ ಅಣ್ಣನಿಗೆ ಗೊತ್ತಾಗುವುದು ಬೇಡ. ಹಾಗಂತ ಪ್ರತಿ ಚಾಟ್‌ನ ವರದಿಯನ್ನೂ ಮನೆಯಲ್ಲಿ ಒಪ್ಪಿಸಬೇಕಿಲ್ಲ. ಮೊದಲ ಭೇಟಿಗೆ ಮುಂಚೆ ಅತ್ತಿಗೆಯ ಹತ್ತಿರ ಹೇಳಿ. ನೀವು ಒಂಟಿಯಾಗಿ ಇರುವ ಬಗ್ಗೆ ಅವರು ಆಗಾಗ ಕೇಳುತ್ತಾರೆ ಎಂದು ನೀವೇ ಬರೆದಿದ್ದೀರಿ. ಅಣ್ಣನಿಗೆ ಯಾವಾಗ, ಹೇಗೆ ಹೇಳಬೇಕೆಂಬುದು ನಿಮಗಿಂತ, ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.