ಬೇಸ್‌ಮೆಂಟಿನ ಹಳೇ ಆಯಿಲ್ ಟ್ಯಾಂಕ್: ತೇಪೆ ಬೇಡ, ಬದಲಾಯಿಸಿ

ನಮಸ್ಕಾರ. ಮ್ಯಾಸಚೂಸೆಟ್ಸ್‌ನಲ್ಲಿ ಕೊಂಡ ಮನೆಯಲ್ಲಿ ಮನೆ ಬಿಸಿ ಮಾಡುವ ಎಣ್ಣೆ ತುಂಬಿಡುವ 275 ಗ್ಯಾಲನ್ನಿನ ಹಳೇ ಸ್ಟೀಲ್ ಟ್ಯಾಂಕ್ ಇದೆ, ತಳದಲ್ಲಿ ಎಣ್ಣೆ ಜಿನುಗುತ್ತಿದೆ, ಎಪಾಕ್ಸಿ (ಗಟ್ಟಿಯಾಗುವ ಅಂಟು) ಹಚ್ಚಿ ಇನ್ನೊಂದು ಚಳಿಗಾಲ ತಳ್ಳಬಹುದಾ ಅಂತ ಕೇಳಿದ್ದೀರಿ. ಬೇಡ. ಹೊಸ ಟ್ಯಾಂಕ್ ಬರುವವರೆಗೆ ಸುಧಾರಿಸಲು ಎಪಾಕ್ಸಿ ಸರಿ, ಅಷ್ಟೇ.

ಈ ಟ್ಯಾಂಕ್‌ಗಳಿಗೆ ತುಕ್ಕು ಹಿಡಿಯುವುದು ಹೆಚ್ಚಾಗಿ ಒಳಗಿನಿಂದ. ಎಣ್ಣೆಗಿಂತ ನೀರು ಭಾರ ಅಲ್ವಾ? ಒಳಗೆ ಸೇರಿದ ತೇವವೆಲ್ಲ ತಳದಲ್ಲಿ ನಿಂತು ಲೋಹವನ್ನು ತಿನ್ನುತ್ತದೆ. ಒಂದು ಕಡೆ ಜಿನುಗಿತು ಅಂದರೆ ಸುತ್ತಲೂ ತೆಳ್ಳಗಾಗಿದೆ ಅಂತಲೇ ಲೆಕ್ಕ.

ಈಗ ಎಣ್ಣೆ ತುಂಬಿಸಬೇಡಿ. ಟ್ಯಾಂಕ್ ಖಾಲಿಯಾದಷ್ಟೂ ಕೆಲಸ ಸುಲಭ. ತಳದ ಕೆಸರೆಣ್ಣೆಯನ್ನು ಹೊಸದಕ್ಕೆ ಪಂಪ್ ಮಾಡಲು ಬಿಡಬೇಡಿ, ಎಣ್ಣೆ ಉರಿಸುವ ಬರ್ನರ್‌ನ ನಾಜಲ್ ಕಟ್ಟಿಕೊಳ್ಳುತ್ತದೆ. ಕೊಳ್ಳುವುದಾದರೆ ಎರಡು ಗೋಡೆಯ ಟ್ಯಾಂಕ್ ತಗೊಳ್ಳಿ: ಒಳಗೆ ಪ್ಲಾಸ್ಟಿಕ್, ಹೊರಗೆ ಸ್ಟೀಲ್. ಬೆಲೆ ಜಾಸ್ತಿ, ಆದರೆ ಒಳಗಿನದು ಸೋರಿದರೂ ಎಣ್ಣೆ ನೆಲಕ್ಕೆ ಬೀಳುವುದಿಲ್ಲ.

ಫೈರ್ ಡಿಪಾರ್ಟ್‌ಮೆಂಟಿನ ಪರ್ಮಿಟ್ ಬೇಕು, ಸಾಮಾನ್ಯವಾಗಿ ಕೆಲಸದವರೇ ತರುತ್ತಾರೆ. ಬರ್ನರ್‌ಗೆ ಹೋಗುವ ಎಣ್ಣೆ ಪೈಪಿಗೆ ಸೇಫ್ಟಿ ವಾಲ್ವ್ (ಪೈಪ್ ಸೋರಿದರೆ ಎಣ್ಣೆ ನಿಲ್ಲಿಸುವುದು) ಅಥವಾ ಮೇಲೆ ಹೊದಿಸುವ ಹೊರಕೊಳವೆ 2011ರಿಂದ ಮ್ಯಾಸಚೂಸೆಟ್ಸ್‌ನಲ್ಲಿ ಕಡ್ಡಾಯ. ನಿಮ್ಮ ಮನೆಯಲ್ಲಿದೆಯಾ, ನೋಡಿಸಿ.

ಒಂದು ಮಾತು ಮಾತ್ರ ಮರೆಯಬೇಡಿ. ಟ್ಯಾಂಕಿನ ಜಾಗ ಬದಲಿಸಿದರೆ, ಇಲ್ಲವೇ ಎಣ್ಣೆ ಬಿಟ್ಟು ಕರೆಂಟಿನಿಂದ ಮನೆ ಬಿಸಿ ಮಾಡುವ ಹೀಟ್ ಪಂಪ್‌ಗೆ ಹೋದರೆ, ಹೊರಗೋಡೆಯಲ್ಲಿರುವ ಹಳೇ ಫಿಲ್ ಪೈಪನ್ನು (ಲಾರಿಯಿಂದ ಎಣ್ಣೆ ತುಂಬಿಸುವ ಪೈಪ್) ಕೀಳಿಸಲೇಬೇಕು. ಸುಮ್ನೆ ಮುಚ್ಚಳ ಹಾಕಿ ಬಿಟ್ಟರೆ ಸಾಲದು. ವಿಳಾಸ ತಪ್ಪಿ ಬಂದ ಲಾರಿಯವರು ಅದಕ್ಕೇ ಪೈಪ್ ಸಿಕ್ಕಿಸಿ ಬೇಸ್‌ಮೆಂಟಿಗೆ ನೂರಾರು ಗ್ಯಾಲನ್ ಸುರಿದ ಪ್ರಕರಣಗಳಿವೆ. ಮಾಮೂಲಿ ಮನೆ ಇನ್ಶೂರೆನ್ಸ್ ಎಣ್ಣೆ ಸೋರಿಕೆಗೆ ಹೆಚ್ಚಾಗಿ ದುಡ್ಡು ಕೊಡುವುದಿಲ್ಲ. ಅದಕ್ಕೆ ಬೇರೆಯಾಗಿ ಕವರೇಜ್ ಸಿಗುತ್ತದೆ, ಏಜೆಂಟರನ್ನು ಕೇಳಿ.